ತಮ್ಮ ಮನಿ ತಗೊಳಾಕತ್ಯಾನ, 9 ಲಕ್ಷ ಕೇಳ್ಯಾನ. ಬಾಯಾಗ ಸಾಲ ಅಂತಾನ, ಕಾಗದದಾಗ ಗಿಫ್ಟ್ ಅಂತಾನ

ಗಂಗಾವತಿ ಟೀಚರ್

ಎಲ್ಲಾರಿಗೂ ನಮಸ್ಕಾರ ರೀ. ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕಬ್ಯಾಡ್ರಿ. ನಾನು ಗಂಗಾವತಿ ತಾಲೂಕಿನಾಗ ಸರ್ಕಾರಿ ಶಾಲಿ ಟೀಚರ್. ಯಜಮಾನ್ರು ಗೊಬ್ಬರದ ಅಂಗಡ್ಯಾಗ ಲೆಕ್ಕ ಬರೀತಾರ, ಒಬ್ಬಾಕೇ ಮಗಳು, ನರ್ಸಿಂಗ್ ಎರಡನೇ ವರ್ಷ. ನನ್ನ ತಮ್ಮ ಬಳ್ಳಾರ್ಯಾಗ ಇರ್ತಾನ, ತೋರಣಗಲ್ಲು ಕಡೆ ಒಂದು ಕಂಪನ್ಯಾಗ ಕೆಲ್ಸ, ಪಗಾರ 55 ಸಾವಿರ. ಹದಿಮೂರು ವರ್ಷದಿಂದ ಬಾಡಿಗಿ ಮನಿ. ಈಗ ಕಂಟೋನ್ಮೆಂಟ್ ಆಚಿಗೆ ಒಂದು ಮನಿ ನೋಡ್ಯಾನ, 42 ಲಕ್ಷಕ್ಕ ಮಾತಾಗೈತಿ. ಅವ್ನ ಲೆಕ್ಕ ಹಿಂಗೈತಿ: ಬ್ಯಾಂಕು 30 ಕೊಡ್ತೈತಂತ, ಅವ್ನ ಹತ್ರ 6 ಐತಂತ, ರಿಜಿಸ್ಟ್ರೇಷನ್ನು ಅದು ಇದು ಸೇರಿ ಇನ್ನ 9 ಕಮ್ಮಿ ಬೀಳ್ತೈತಿ ಅದನ್ನ ಅಕ್ಕ ನೀನು ಕೊಡು ಅಂತ. ಅದ್ರಾಗ 4 ಅಕೌಂಟಿಗೆ ಹಾಕು, 5 ಕೈಯಾಗ ಕೊಡು ಅಂದಾನ.

ನನ್ನ ಹತ್ರ ಎರಡು ಎಫ್‌ಡಿ ಅದಾವ, ಒಂದು 6 ಲಕ್ಷದ್ದು ಇನ್ನೊಂದು 5 ಲಕ್ಷದ್ದು. ಇಪ್ಪತ್ತೆರಡು ವರ್ಷ ನೌಕರಿ ಮಾಡಿ ಉಳಿಸಿದ್ದು ಅಷ್ಟ.

ಕೊಡಬಾರ್ದು ಅಂತಿಲ್ಲ ರೀ ನನಗ. ತಲಿ ಕೆಟ್ಟಿದ್ದು ಬ್ಯಾರೇದಕ್ಕ. ಮೊನ್ನೆ ವಾಟ್ಸಾಪಿನಾಗ ಒಂದು ಲೆಟರ್ ಕಳ್ಸ್ಯಾನ, ಬ್ಯಾಂಕಿನೋರು ಕೇಳ್ಯಾರ ಸಹಿ ಮಾಡಿ ಕಳ್ಸು ಅಂತ. ಅದ್ರಾಗ ಅಕ್ಕ ತಮ್ಮನಿಗೆ ಪ್ರೀತಿ ವಿಶ್ವಾಸದಿಂದ ಕೊಡುಗೆ ಕೊಟ್ಟಾಳ, ಇದನ್ನ ವಾಪಸ್ ಕೊಡೋ ಜರೂರಿಲ್ಲ ಅಂತ ಬರದೈತಿ. ಫೋನ್ ಮಾಡಿ ಕೇಳಿದ್ರ "ಅಯ್ಯ ಅಕ್ಕ, ಅದು ಬ್ಯಾಂಕಿಗೆ ತೋರ್ಸಾಕಷ್ಟ, ನಿನ್ನ ರೊಕ್ಕ ಐದು ವರ್ಷದಾಗ ವಾಪಸ್ ಕೊಡ್ತೀನಿ" ಅಂತಾನ. ಅವ್ವ ಅವ್ನ ಹತ್ರಾನ ಇರ್ತಾಳ, ಹಿಂದಿನಿಂದ "ಕೊಡವಾ, ಸ್ವಂತ ಮನ್ಯಾಗ ಕಣ್ಣು ಮುಚ್ತೀನಿ" ಅಂತ ಕೂಗಿದ್ದು ಕೇಳಿಸ್ತು. ಯಜಮಾನ್ರಿಗೆ ಹೇಳಿದ್ರ "ನಿನ್ನ ತಮ್ಮ, ನಿನ್ನ ರೊಕ್ಕ" ಅಂದು ಟಿವಿ ಸೌಂಡ್ ಜಾಸ್ತಿ ಮಾಡಿದ್ರು.

ಸಹಿ ಮಾಡ್ಲೋ ಬ್ಯಾಡೋ? ಟ್ಯಾಕ್ಸ್ ಏನರ ಬರ್ತೈತೇನು? ಗೊತ್ತಿದ್ದೋರು ಹೇಳ್ರಿ.

ಬಿಸಿಲೂರಿನವ

ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ. ಮುಗೀತು.

ತೀನ್ ಕಂದೀಲ್

ಟ್ಯಾಕ್ಸ್ ಬಗ್ಗೆ ಹೆದರಬ್ಯಾಡ್ರಿ ಮೇಡಂ. ಅಕ್ಕ ತಮ್ಮಗ ಕೊಟ್ರ ಎಷ್ಟರ ಇರ್ಲಿ ಅವಗ ಟ್ಯಾಕ್ಸ್ ಇಲ್ಲ, ನಿಮಗೂ ಇಲ್ಲ. ಅಣ್ಣ ತಮ್ಮ ಅಕ್ಕ ತಂಗಿ, ಗಂಡ ಹೆಂಡ್ತಿ, ಅವ್ರ ಒಡಹುಟ್ಟಿದೋರು, ಅಪ್ಪ ಅವ್ವನ ಒಡಹುಟ್ಟಿದೋರು, ಅಜ್ಜ ಅಮ್ಮ ಮಕ್ಕಳು ಮೊಮ್ಮಕ್ಕಳು, ಇವ್ರೆಲ್ಲಾ ಆ ಕಾಯ್ದ್ಯಾಗ ಸಂಬಂಧಿಕರ ಲೆಕ್ಕದಾಗ ಬರ್ತಾರ. ಆದ್ರ ಒಂದು ತಮಾಷಿ ಅದ ಕೇಳ್ರಿ, ನಾನು ಸಿಕ್ಕಾಕ್ಕೊಂಡಿದ್ದು. ಸ್ವಾದರಮಾವ ನನಗ ಕೊಟ್ರ ಟ್ಯಾಕ್ಸ್ ಇಲ್ಲ, ಯಾಕಂದ್ರ ಅವ್ರು ನಮ್ಮ ಅವ್ವನ ತಮ್ಮ. ಅದೇ ನಾನು ಸ್ವಾದರಮಾವಗ ಕೊಟ್ರ ಅವ್ರಿಗೆ ಟ್ಯಾಕ್ಸ್ ಅದ, ಯಾಕಂದ್ರ ಅಕ್ಕನ ಮಗ ಅನ್ನೋದು ಆ ಪಟ್ಟಿನಾಗೇ ಇಲ್ಲ! ರಾಯಚೂರಿನಾಗ ಮಾವ ಮನಿ ಕಟ್ಟುವಾಗ ನಾನು 5 ಲಕ್ಷ ಕೊಟ್ಟಿದ್ದೆ, ಗಿಫ್ಟ್ ಅಂತ ಬರ್ಕೊಂಡಿದ್ವಿ, ರಿಟರ್ನ್ ಹಾಕಾಕ ಹೋದಾಗ ಆಡಿಟರ್ ತಲಿ ಮ್ಯಾಲೆ ಕೈ ಹೊತ್ಕೊಂಡ. ಸಂಬಂಧಿಕರಲ್ಲದೋರ ಕಡೆಯಿಂದ ವರ್ಷಕ್ಕ 50 ಸಾವಿರ ದಾಟಿದ್ರ ಪೂರ್ತಿ ಮೊತ್ತಕ್ಕ ಟ್ಯಾಕ್ಸ್, ದಾಟಿದ್ದಕ್ಕಷ್ಟೇ ಅಲ್ಲ. ಮಾವನ ಮನ್ಯಾಗ ಉಂಡು ಬೆಳದೀನಿ, ಸರ್ಕಾರದ ಲೆಕ್ಕದಾಗ ನಾನು ಮಾವಗ ಯಾರೂ ಅಲ್ಲ. ಕಾಕಾನ ಮಗ, ದೊಡ್ಡಪ್ಪನ ಮಗ ಅಂತ ಕೊಡೋರೂ ಹುಷಾರಿ, ಅವ್ರೂ ಪಟ್ಟಿನಾಗ ಇಲ್ಲ.

ಕೌಲ್‌ಬಜಾರ್ ಹುಡುಗ

ಅಕ್ಕಾ ಒಂದು ಪ್ರಶ್ನೆ. 5 ಲಕ್ಷ ಕೈಯಾಗೆ ಯಾಕೆ? ನಮ್ಮ ಬಳ್ಳಾರ್ಯಾಗೆ ಯಾರು ಮನೆ ಮಾರಿದ್ರೂ ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಅಂತಾರೆ, ಮಾರೋನು ಕ್ಯಾಶ್ ಕೇಳ್ಯಾನೆ ಅನ್ಸುತ್ತೆ. ವಿಚಾರ್ಸಿ.

ಯಲಬುರ್ಗಾ ಸೊಸಿ

ನನಗ ಒಂದು ಕೇಳಬೇಕು ಅನಿಸ್ತು. ಮಗಳಿಗೆ ಕೇಳಿದ್ರೇನ್ರೀ?

ಹಳೇ ಮಂದಿ

ಏನ್ರಪ್ಪ ಎಲ್ಲಾ ಆಡಿಟರ್ ಆಗ್ಬಿಟ್ರಿ. ಒಡಹುಟ್ಟಿದಾಂವ ಮನಿ ಮಾಡ್ತಾನ ಅಂದ್ರ ಟ್ಯಾಕ್ಸು ಪಟ್ಟಿ ಕಾಗದ ಅಂತೀರಿ. 1989ರಾಗ ನಾನು ಕುಷ್ಟಗಿಯೊಳಗ ಎರಡು ಅಂಕಣದ ಮನಿ ಹಾಕುವಾಗ ನಮ್ಮ ದೊಡ್ಡಕ್ಕ ತನ್ನ ಬೋರಮಾಳ ಬಿಚ್ಚಿ ಒಂದು ಹಳೇ ಕುಪ್ಪಸದ ಬಟ್ಟಿಯೊಳಗ ಸುತ್ತಿ ಕೈಯಾಗ ಇಟ್ಳು. ಗಂಡಗ ಹೇಳಿದ್ದಿಲ್ಲ. ಆರು ತಿಂಗಳು ಸೆರಗು ಕೊಳ್ಳಿಗೆ ಸುತ್ಕೊಂಡು ಅಡ್ಡಾಡಿದ್ಳು ಯಾರಿಗೂ ಕಾಣಬಾರ್ದು ಅಂತ. ಬಿಡಿಸಿ ಕೊಡಾಕ ನನಗ ನಾಕು ವರ್ಷ ಹಿಡೀತು, ಒಂದಿನ ಕೇಳಲಿಲ್ಲ. ಆಕಿ ಏನರ ಚೀಟಿ ಬರಕೊಡು ಅಂದಿದ್ರ ನಾನು ತಗೊಂತಿರಲಿಲ್ಲ. ಇದ್ರ ಕೊಡ್ರಿ ಇಲ್ಲಂದ್ರ ಇಲ್ಲ ಅನ್ರಿ, ನಡುವ ಕಾಗದ ತರಬ್ಯಾಡ್ರಿ.

ಮಂಡಾಳ ಒಗ್ಗರಣಿ

ಹಿರೇರ ಮಾತು ಛಲೋ ಐತಿ. ಆದ್ರ ಯಜಮಾನ್ರ, ಇಲ್ಲಿ ಕಾಗದ ತಂದಾಂವ ತಮ್ಮ, ಅಕ್ಕ ಅಲ್ಲ. ಅವ್ನ ಕಾಗದ ನಡೀತೈತಿ, ಅಕ್ಕನ ಕಾಗದ ಯಾಕ ನಡ್ಯಾಂಗಿಲ್ಲ?

ಹಳೇ ಮಂದಿ

ಹೂಂ. ಆ ಲೆಟರ್ ವಿಷಯ ನಾನು ಸರಿ ಓದಿದ್ದಿಲ್ಲ. ಕಣ್ಣು ಸಣ್ಣಕ್ಷರ ಹಿಡಿಯೋದಿಲ್ಲ ಈಗೀಗ.

ಷಡ್ಡಕನ ಸಂತ್ರಸ್ತ

ನಾನು ಸಿಂಧನೂರು. ನಮ್ಮ ಷಡ್ಡಕಗ 4 ಲಕ್ಷ ಕೈಗಡ ಕೊಟ್ಟು ಏಳು ವರ್ಷ ಆತು. ಬರವಣಿಗಿ ಏನಿಲ್ಲ, ಹೆಂಡ್ತಿ ತಂಗಿ ಗಂಡ ಅಂತ. ಮನಿ ಒಕ್ಕಲಕ್ಕ ಹೋದ್ವಿ, ಹೋಳಿಗಿ ಊಟ ಜೋರಿತ್ತು, ನನಗ ಒಂದು ಟವಲ್ ಆಯೇರಿ ಮಾಡಿದ್ರು. ಟವಲ್! ಅವ್ರ ಸ್ವಾದರಮಾವನ ಕಡೆಯೋರಿಗೆ ಪ್ಯಾಂಟ್ ಪೀಸು. ಈಗ ಅವ್ರ ಮನಿಗೆ ಹೋದಾಗೆಲ್ಲಾ ಆ ತೇಗದ ಬಾಗಲಾ ನೋಡ್ತೀನಿ, ಹಿತ್ತಾಳಿ ಹಿಡಿಕಿ ಅದ, ಇದು ನನ್ನ ರೊಕ್ಕದ್ದಾ ಇಲ್ಲಾ ಬ್ಯಾಂಕಿಂದಾ ಅಂತ ತಲ್ಯಾಗ ಓಡ್ತಿರ್ತದ, ಚಾ ರುಚಿ ಹತ್ತೂದಿಲ್ಲ. ಕಾರ್ ತಗೊಂಡ್ರ ಸಿಟ್ಟು, ತಿರುಪತಿಗೆ ಹೋದ್ರ ಸಿಟ್ಟು. ಅವ್ರ ತಪ್ಪಂತಲ್ಲ, ಕೊಡುವಾಗ ನಾನು "ಆದಾಗ ಕೊಡ್ರಿ" ಅಂದಿದ್ದೆ. ಆದಾಗ ಅಂದ್ರ ಯಾವಾಗ ಅಂತ ಇಬ್ಬರೂ ಕೇಳ್ಕೊಂಡಿಲ್ಲ. ಅವರಿಗೆ ಇನ್ನೂ ಆಗಿಲ್ಲ ಅಷ್ಟೇ.

ಗಂಗಾವತಿ ಟೀಚರ್

ಟವಲ್ ಓದಿ ನಗು ಬಂತು ರೀ, ಕ್ಷಮಿಸ್ರಿ.

ಕೌಲ್‌ಬಜಾರ್ ತಮ್ಮಾ, ನೀನು ಹೇಳಿದ್ದು ಖರೆ. ಕೇಳಿದೆ. ಮಾರೋರು ರಿಜಿಸ್ಟ್ರಿ 37 ಲಕ್ಷಕ್ಕ ಮಾಡೋಣು, 5 ಲಕ್ಷ ಕೈಯಾಗ ಕೊಡ್ರಿ ಅಂದಾರಂತ. ನಮ್ಮಾವಗೂ ರಿಜಿಸ್ಟ್ರೇಷನ್ ಖರ್ಚು ಉಳೀತೈತಲ್ಲ ಅಂತ ಖುಷಿ. ಸಂಚಗಾರ (ಮುಂಗಡ) 1 ಲಕ್ಷ ಕೊಟ್ಟಾನ, ಮೂರು ತಿಂಗಳ ಮುದ್ದತು.

ಲೆಕ್ಕದಾಂವ

ನಾನು ಆಡಿಟ್ ಆಫೀಸಿನಾಗ ಕೆಲ್ಸ ಮಾಡ್ತೀನಿ, ದೊಡ್ಡ ಮನುಷ್ಯ ಏನಲ್ಲ, ಆದ್ರ ಇದು ಓದಿ ಸುಮ್ಮನಿರಾಕ ಆಗ್ಲಿಲ್ಲ. ಮೇಡಂ, ನಿಮ್ಮ ತಮ್ಮ ಉಳಿಸಾಕ ಹೋಗಿ ಮುಳುಗಾಕತ್ಯಾನ. ಒಂದು ಹಾಳಿ ಪೆನ್ನು ತಗೋರಿ.

ರಿಜಿಸ್ಟ್ರೇಷನ್ ಖರ್ಚು ಪಟ್ಟಣದಾಗ ಈಗ ಹತ್ರಹತ್ರ 7.6 ಪರ್ಸೆಂಟು. ಮುದ್ರಾಂಕ ಶುಲ್ಕ 5, ಅದ್ರ ಮ್ಯಾಲೆ ಸೆಸ್ಸು ಸರ್ಚಾರ್ಜು ಸೇರಿ 5.6 ಆಗ್ತೈತಿ, ನೋಂದಣಿ ಶುಲ್ಕ ಮೊದ್ಲು 1 ಇತ್ತು, 2025ರ ಆಗಸ್ಟ್ ಕೊನಿಗೆ 2 ಮಾಡಿದ್ರು. 5 ಲಕ್ಷ ಕಮ್ಮಿ ತೋರ್ಸಿದ್ರ ಉಳಿಯೋದು 38 ಸಾವಿರ. ಇದು ಅವ್ನ ಖುಷಿ.

ಈಗ ಬ್ಯಾಂಕಿನ ಕಡಿ ಬರ್ರಿ. ರಿಸರ್ವ್ ಬ್ಯಾಂಕಿನ ನಿಯಮ ಏನೈತಿ ಅಂದ್ರ ಮನಿ ಸಾಲ 30 ಲಕ್ಷದ ಒಳಗಿದ್ರ ಮನಿ ಬೆಲಿಯ 90 ಪರ್ಸೆಂಟ್ ತನಕ ಕೊಡಬಹುದು, 30 ದಾಟಿ 75ರ ತನಕ ಇದ್ರ 80 ಪರ್ಸೆಂಟ್. ಬ್ಯಾಂಕು ನೋಡೋದು ಕಾಗದದಾಗ ಇರೋ ಬೆಲಿನ, ಬಾಯಾಗಿಂದಲ್ಲ. 37ಕ್ಕ ಪತ್ರ ಮಾಡಿದ್ರ 80 ಪರ್ಸೆಂಟ್ ಅಂದ್ರ 29.6, 30 ಸೈತ ಮುಟ್ಟಂಗಿಲ್ಲ, ಹಂಗಾಗಿ 90 ಪರ್ಸೆಂಟಿನ, 30ರ ಒಳಗಿನ ಲೆಕ್ಕದಾಗ 30 ಕೊಡ್ತೀವಿ ಅಂದಾರ. ಅದೇ 42ಕ್ಕ ಪತ್ರ ಮಾಡಿದ್ರ 80 ಪರ್ಸೆಂಟಿಗೆ 33.6 ಬರ್ತೈತಿ. 38 ಸಾವಿರದ ಆಸಿಗೆ 3.6 ಲಕ್ಷ ಬ್ಯಾಂಕ್ ಸಾಲ ಕೈ ಬಿಡಾಕತ್ಯಾನ, ಆ 3.6ನ್ನ ಅಕ್ಕನ ಎಫ್‌ಡಿಯಿಂದ ತುಂಬ್ಕೊಳ್ಳಾಕತ್ಯಾನ.

ಪೂರ್ತಿ ಬೆಲಿ ತೋರ್ಸಿದ್ರ: 42 ಮನಿ, 3.2 ರಿಜಿಸ್ಟ್ರೇಷನ್, ಒಟ್ಟು 45.2. ಅದ್ರಾಗ 33.6 ಬ್ಯಾಂಕು, 6 ಅವಂದು. ಉಳಿದದ್ದು 5.6. ನಿಮ್ಮಿಂದ ಬೇಕಾಗಿರೋದು 9 ಅಲ್ಲ, 6ರ ಒಳಗ! ಬ್ಯಾಂಕಿನ ವ್ಯಾಲ್ಯೂವರ್ ಬೆಲಿ ಕಮ್ಮಿ ಕಟ್ಟಿದ್ರ ಅಥವಾ ಅವ್ನ ಪಗಾರಕ್ಕ ಅಷ್ಟು ಕೊಡಾಕ ಆಗಲ್ಲ ಅಂದ್ರ ಲೆಕ್ಕ ಬದಲಾಗ್ತೈತಿ, ಅದನ್ನ ಮೊದ್ಲ ಕೇಳ್ಕೋಬೇಕು. 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂತ ಹಿಡಿದ್ರ ಲಕ್ಷಕ್ಕ 868 ರೂಪಾಯಿ ಕಂತು ಬರ್ತೈತಿ, 33.6ಕ್ಕ 29 ಸಾವಿರ ಚಿಲ್ರೆ.

ಇನ್ನ ಕೈಯಾಗ ಕೊಡೋ ಮಾತು. ಒಬ್ಬರಿಂದ ಒಂದು ದಿನದಾಗ 2 ಲಕ್ಷ ಅಥವಾ ಅದಕ್ಕ ಮ್ಯಾಲೆ ನಗದು ಇಸ್ಕೊಳ್ಳಂಗಿಲ್ಲ, ಗಿಫ್ಟ್ ಆದ್ರೂ ಅಷ್ಟ, ಅಕ್ಕ ಆದ್ರೂ ಅಷ್ಟ. ಸಾಲ ಅಂತಂದ್ರ ಮಿತಿ ಇನ್ನ ಸಣ್ಣದು, 20 ಸಾವಿರಕ್ಕ ಬಂದ್ಬಿಡ್ತೈತಿ, ಮನಿ ಮಾರೋ ಮುಂಗಡಕ್ಕೂ ಅದೇ 20 ಸಾವಿರ. ದಂಡ ಎಷ್ಟು ಅಂದ್ರ ಇಸ್ಕೊಂಡಷ್ಟೂ. ಇಸ್ಕೊಂಡಾಂವಗ ಬೀಳ್ತೈತಿ, ಕೊಟ್ಟಾಕಿಗಲ್ಲ. ಹಳೇ 1961ರ ಕಾಯ್ದ್ಯಾಗ 269ಎಸ್‌ಎಸ್, 269ಎಸ್‌ಟಿ ಅಂತಿದ್ವು, 2026 ಏಪ್ರಿಲ್‌ದಿಂದ ಹೊಸ ಕಾಯ್ದೆ ಬಂದು ನಂಬರ್ ಬದಲಾಗ್ಯಾವ, ಮಾತು ಅದೇ.

ಕೌಲ್‌ಬಜಾರ್ ಹುಡುಗ

ಅಣ್ಣಾ ಸಲಾಂ. ನಾನು ಇಷ್ಟು ದಿನ ಬ್ಲಾಕ್ ಕೊಟ್ರೆ ಕೊಳ್ಳೋನಿಗೆ ಲಾಭ ಅಂದ್ಕಂಡಿದ್ದೆ.

ಲೆಕ್ಕದಾಂವ

ಲಾಭ ಮಾರೋನಿಗೆ ತಮ್ಮಾ, ಅವಗ ಕ್ಯಾಪಿಟಲ್ ಗೇನ್ಸ್, ಅಂದ್ರ ಮಾರಿದ ಲಾಭದ ಮ್ಯಾಲಿನ ಟ್ಯಾಕ್ಸ್, ಕಮ್ಮಿ ಆಗ್ತೈತಿ. ಮುಂದ ಇವ್ನು ಮಾರುವಾಗ 37ಕ್ಕ ತಗೊಂಡೀನಿ ಅಂತಾನ ತೋರಿಸಬೇಕು, ಆವಾಗ ಆ 5ರ ಮ್ಯಾಲೆ ಟ್ಯಾಕ್ಸ್ ಇವ್ನ ಕೊಡ್ತಾನ.

ಎಡದಂಡಿ ರೈತ

ಕೊಡೋದಿದ್ರ ಎಷ್ಟು ಅಂತ ಬ್ಯಾಗ ಹೇಳ್ಬಿಡ್ರಿ ಅಕ್ಕಾರ. ನಮ್ಮ ಭಾವಗ ಮಾನ್ವಿಯೊಳಗ ಮನಿಗೆ 3 ಲಕ್ಷ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. 2024 ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಕೊಂಡು ಹೋತಲ್ಲ, ನಾಟಿ ಹಚ್ಚಿ ಕುಂತಿದ್ವಿ, ನೀರೆಲ್ಲಾ ಹೊಳಿಗೆ ಹೊಂಟಿದ್ದು ಟಿವ್ಯಾಗ ನೋಡಿ ಕೈಕಾಲು ತಣ್ಣಗಾದ್ವು, ಮರುದಿನಾನ ಭಾವಗ ಫೋನ್ ಮಾಡಿ ಆಗಂಗಿಲ್ಲ ಅಂದ್ಬಿಟ್ಟೆ. ಅವ್ರು ಆಗ್ಲೇ ಸಂಚಗಾರ ಕೊಟ್ಟಿದ್ರು. ಆಮ್ಯಾಲೆ ಸ್ಟಾಪ್‌ಲಾಗ್ ಅಂತ ತಾತ್ಕಾಲಿಕ ಗೇಟು ಕೂಡ್ಸಿದ್ರು, ಡ್ಯಾಮ್ ಮತ್ತ ತುಂಬ್ತು, ನನ್ನ ಭತ್ತಾನೂ ಬಂತು. ಭಾವ ಮಾತ್ರ ಇವತ್ತಿಗೂ ಮಾತಾಡಂಗಿಲ್ಲ. ತಂಗಿ ಪಂಚಮಿಗೆ ಬಂದ್ರ ಅಂವ ಬಸ್‌ಸ್ಟ್ಯಾಂಡಿನಾಗ ಬಿಟ್ಟು ಹೋಗ್ತಾನ, ಮನಿ ತನ ಬರಂಗಿಲ್ಲ.

ಮಂಡಾಳ ಒಗ್ಗರಣಿ

ಟೀಚರ್ ನಿಮ್ಮ ಹೆಸರೂ ಖರೀದಿ ಪತ್ರದಾಗ ಸೇರಿಸ್ರಿ. ಆಗ ಎಲ್ಲಾ ಕ್ಲಿಯರ್.

ಲೆಕ್ಕದಾಂವ

ಅಷ್ಟು ಸಲೀಸಿಲ್ಲ. ಹೆಸರು ಸೇರಿದ್ರ ಬ್ಯಾಂಕು ಸಾಲಕ್ಕೂ ಸಹಿ ಹಾಕು ಅಂತೈತಿ, ಮಾಲೀಕರೆಲ್ಲಾ ಸಾಲಗಾರರಾಗಬೇಕು ಅನ್ನೋದು ಬಹಳ ಬ್ಯಾಂಕಿನ ಪದ್ಧತಿ. ಅಂವ ಕಂತು ತಪ್ಪಿದ್ರ ಮೇಡಂ ಪಗಾರಕ್ಕ ಬರ್ತಾರ. ಆದ್ರ ಇದರ ಉಲ್ಟಾನೂ ಮಾಡಬ್ಯಾಡ್ರಿ, ಏನಂದ್ರ ಪತ್ರದಾಗ ಅವ್ನೊಬ್ಬನ ಹೆಸರು, ಒಳಗೊಳಗ "ಇದ್ರಾಗ ನಂದೂ ಪಾಲೈತಿ" ಅಂತ ಮಾತು. ಅದು ಬೇನಾಮಿ ಕಾಯ್ದೆ ಕಡಿ ಹೋಗ್ತೈತಿ. 2016ರಾಗ ತಿದ್ದುಪಡಿ ಆದಮ್ಯಾಲೆ ಬಿಗಿ ಆಗೈತಿ, ಒಡಹುಟ್ಟಿದೋರ ಹೆಸರಿಗೆ ತಗೊಂಡ್ರ ರೊಕ್ಕ ಕೊಟ್ಟೋರ ಹೆಸರೂ ಕಾಗದದಾಗ ಜಂಟಿಯಾಗಿ ಇದ್ರ ಮಾತ್ರ ವಿನಾಯಿತಿ. ಗಿಫ್ಟ್ ಆದ್ರ ಗಿಫ್ಟು, ಸಾಲ ಆದ್ರ ಸಾಲ, ಪಾಲು ಆದ್ರ ಪತ್ರದಾಗ ಹೆಸರು. ಈ ಮೂರ ನಡುವ ತೂಗಾಡಬ್ಯಾಡ್ರಿ.

ಹಟ್ಟಿ ಕಾಲೊನಿ

ಮನಿ ಪೇಪರ್ ಯಾರರ ನೋಡ್ಯಾರೇನು? ಇ-ಖಾತಾ (ಆಸ್ತಿ ದಾಖಲಿ) ಎ ಅದನೋ ಬಿ ಅದನೋ? ಬಿ (ಅನಧಿಕೃತ ಜಾಗದ್ದು) ಇದ್ರ ಬಹಳ ಬ್ಯಾಂಕಿನೋರು ಹಿಂದ ಸರೀತಾರ. ಇಸಿ, ಅಂದ್ರ ಆಸ್ತಿ ಮ್ಯಾಲೆ ಸಾಲ ಗೀಲ ಅದನೋ ತೋರ್ಸೋ ಕಾಗದ, ತಗಸ್ರಿ, ಕಾವೇರಿ ವೆಬ್‌ಸೈಟಿನಾಗ ಮನ್ಯಾಗ ಕುಂತೇ ಸಿಗ್ತದ. ನಿಮ್ಮ ರೊಕ್ಕ ಕೊಡೂಕಿಂತ ಮೊದ್ಲು ಅದನ್ನ ಕಳಸು ಅಂತ ತಮ್ಮಗ ಕೇಳೋದ್ರಾಗ ತಪ್ಪೇನಿಲ್ಲ.

ಯಲಬುರ್ಗಾ ಸೊಸಿ

ಮತ್ತ ಕೇಳ್ತೀನಿ, ಅಪ್ಪನ ಆಸ್ತಿ ಏನಾತು? ನಿಮಗೇನರ ಬಂತಾ?

ಗಂಗಾವತಿ ಟೀಚರ್

ಇದನ್ನ ಯಾರೂ ಕೇಳಬಾರ್ದು ಅಂದ್ಕೊಂಡಿದ್ದೆ.

ಕಾರಟಗಿ ಹತ್ರ ನಮ್ಮೂರಾಗ ಅಪ್ಪನ ಮನಿ ಇತ್ತು, ಎರಡೆಕರೆ ಹೊಲ ಇತ್ತು. ಅಪ್ಪ ಹೋದ ಮ್ಯಾಲೆ 2017ರಾಗ ನಾನು ತಮ್ಮನ ಹೆಸರಿಗೆ ಹಕ್ಕು ಬಿಟ್ಟುಕೊಟ್ಟೆ. ಸಬ್‌ರಿಜಿಸ್ಟ್ರಾರ್ ಆಫೀಸಿನಾಗ ಹೆಬ್ಬೆಟ್ಟು ಫೋಟೋ ಎಲ್ಲಾ ಆತು, ಹೊರಗ ಬಂದು ಗಾಡಿ ಅಂಗಡ್ಯಾಗ ಒಗ್ಗರಣಿ ಮಿರ್ಚಿ ತಿಂದ್ವಿ, ತಮ್ಮನ ರೊಕ್ಕ. ಸಂಜಿಗೆ ತಮ್ಮನ ಹೆಂಡ್ತಿ ಉಡಿ ತುಂಬಿದ್ಳು, ಹಸರು ಸೀರಿ, ಐದು ಬಟ್ಟಲ ಕೊಬ್ಬರಿ. ಯಾರೂ ಜುಲಮಿ ಮಾಡಿದ್ದಿಲ್ಲ, ನಾನಾಗೇ ಮಾಡಿದ್ದು. ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಾಗೇ ಕಾನೂನು ಬಂದಿದ್ದು ಗೊತ್ತಿತ್ತು ರೀ, ನಾನು ಟೀಚರ್, ಸಮಾಜ ವಿಜ್ಞಾನ ಹೇಳ್ತೀನಿ. ತವರು ಇರ್ಲಿ ಅಂತ ಮಾಡಿದೆ. ಹೊಲ ಎರಡು ವರ್ಷಕ್ಕ ಮಾರಿದ. ಅವ್ನ ಹತ್ರ ಇರೋ ಆ 6 ಲಕ್ಷ ಅದ್ರಾಗ ಉಳಿದದ್ದ.

ಬಿಸಿಲೂರಿನವ

ಅಂದ್ರ ಆಗ್ಲೇ ಒಮ್ಮೆ ಗಿಫ್ಟ್ ಕೊಟ್ಟೀರಿ. ನಾನು ಮೊದ್ಲ ಹೇಳಿದ್ದೆ.

ಹಳೇ ಮಂದಿ

ತಮ್ಮಾ ಬಿಸಿಲೂರು, ಸ್ವಲ್ಪ ಸುಮ್ಮನಿರು. ತಂಗಿ, ನೀನು ಬಿಟ್ಟುಕೊಟ್ಟಿದ್ದನ್ನ ಈಗ ಲೆಕ್ಕಕ್ಕ ತರಬ್ಯಾಡ, ಅದು ಮುಗಿದ ಮಾತು. ಆದ್ರ ಈಗಿಂದು ಬ್ಯಾರೆ. ಇಲ್ಲಿ ನೀನು ಬರಸ್ಕೊಂಡ್ರ ಯಾರೂ ಏನೂ ಅನ್ನಂಗಿಲ್ಲ. ನಾನು ಮೊದಲು ಹೇಳಿದ ಮಾತು ಹಿಂದಕ್ಕ ತಗೊಂತೀನಿ.

ಶಕ್ತಿನಗರ ಚಿಮಣಿ

ನಾನು ಯಾವತ್ತೂ ಬರಿಯೋದಿಲ್ಲ, ಓದ್ತೀನಿ ಅಷ್ಟೇ. ಇವತ್ತು ಬರೀತೀನಿ. ನಮ್ಮಣ್ಣ 2021ರಾಗ ಕೋವಿಡ್ ಎರಡನೇ ಅಲಿಯೊಳಗ ಹೋದ. ಅವಗ ಮನಿಗಂತ ನಾನು 7 ಲಕ್ಷ ಕೊಟ್ಟಿದ್ದೆ, ಸಾಲ ಅಂತನ, ಇಬ್ಬರಿಗೂ ಗೊತ್ತಿತ್ತು, ತಿಂಗಳಾ 8 ಸಾವಿರ ಕೊಡ್ತಿದ್ದ, ಕೈಯಾಗ. ವೈನಿಗೆ ಏನೂ ಗೊತ್ತಿಲ್ಲ. ಹದಿಮೂರು ದಿನ ಮುಗಿಸಿ ಎರಡು ತಿಂಗಳಾದ ಮ್ಯಾಲೆ ನಾನು ಬಾಯಿ ತಗದೆ. ಆಕಿ ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣಾಗ ಅದ, ಹೆಣದ ಮ್ಯಾಲೆ ರೊಕ್ಕ ಕೇಳಾಕ ಬಂದಾನ ಅಂತ ಅನ್ಕೊಂಡ್ಳು. ನನ್ನ ಹತ್ರ ತೋರ್ಸಾಕ ಒಂದು ಚೀಟಿ ಇಲ್ಲ. ಆಕಿ ಸುಳ್ಳು ಅಂದ್ಳು ಅಂತ ನನಗ ಸಿಟ್ಟಿಲ್ಲ, ಆಕಿ ಜಾಗದಾಗ ನಾನಿದ್ರೂ ಹಂಗೇ ಅಂತಿದ್ದೆ. ಅದಕ್ಕ ಹೇಳ್ತೀನಿ, ತಮ್ಮಗ ಹೇಳೋದನ್ನ ತಮ್ಮನ ಹೆಂಡ್ತಿ ಮುಂದ ಹೇಳ್ರಿ.

ಯಲಬುರ್ಗಾ ಸೊಸಿ

ಅಣ್ಣಾರ... ಏನ್ ಹೇಳ್ಬೇಕೋ ಗೊತ್ತಾಗವಲ್ದು.

ಟೀಚರ್ ಮಗಳಿಗೆ ಕೇಳಿದ್ರಾ ಅಂದಿದ್ದಕ್ಕ ನೀವು ಉತ್ತರ ಕೊಟ್ಟಿಲ್ಲ.

ಗಂಗಾವತಿ ಟೀಚರ್

ಕೇಳಿಲ್ಲವಾ. ಆಕಿಗೆ ಯಾಕ ಈ ತಲಿಬ್ಯಾನಿ ಅಂತ.

ಆ ಲೆಟರ್ ಬಗ್ಗೆ ಗೊತ್ತಿದ್ದೋರು ಹೇಳ್ರಿ. ಸಹಿ ಮಾಡಿ, ಬ್ಯಾರೆ ಹಾಳ್ಯಾಗ ಸಾಲ ಅಂತ ಬರಸ್ಕೊಂಡ್ರ ನಡೀತೈತೇನು?

ಲೆಕ್ಕದಾಂವ

ಬ್ಯಾಡ. ಅದೇ ರೊಕ್ಕಕ್ಕ ಎರಡು ಕಾಗದ ಅಂದ್ರ ಒಂದು ಸುಳ್ಳು. ಬ್ಯಾಂಕಿಗೆ ಗಿಫ್ಟ್ ಅಂತ ಯಾಕ ಬೇಕು ಅಂದ್ರ ಸಾಲ ಅಂದ್ರ ಆ ಕಂತೂ ಅವ್ನ ಪಗಾರದಾಗ ಕಳೀತಾರ. ಅದು ಅವ್ರ ಹಕ್ಕು. ನಾಳೆ ತಮ್ಮ ಕೊಡಲಿಲ್ಲ ಅಂತ ಕೋರ್ಟಿಗೆ ಹೋದ್ರ ನಿಮ್ಮ ಸಹಿನ ನಿಮ್ಮ ಎದುರಿಗೆ ಹಿಡೀತಾರ, ವಾಪಸ್ ಬ್ಯಾಡ ಅಂತ ನೀವ ಬರದೀರಲ್ಲ ಅಂತ.

ಎಷ್ಟು ನಿಜವಾಗ್ಲೂ ಕೊಡ್ತೀರೋ ಅಷ್ಟಕ್ಕ ಮಾತ್ರ ಆ ಲೆಟರ್. ಎಷ್ಟು ಸಾಲ ಅಂತೀರೋ ಅದಕ್ಕ ಬ್ಯಾರೆ ಪತ್ರ, ತಾರೀಕು, ಕಂತು, ಇಬ್ಬರ ಸಹಿ, ಎರಡು ಸಾಕ್ಷಿ, ಅದ್ರಾಗ ಒಬ್ಬಾಕಿ ತಮ್ಮನ ಹೆಂಡ್ತಿ ಆದ್ರ ಛಲೋ. ರೊಕ್ಕ ಹೋಗೋದೂ ಬರೋದೂ ಅಕೌಂಟಿನಾಗ. ಸಾಲದ ದಾವೆಗೆ ಮೂರು ವರ್ಷದ ಅವಧಿ ಐತಿ, ಅದು ಮುಗಿಯೋಕಿಂತ ಮೊದ್ಲು ಒಮ್ಮೆ "ಇಷ್ಟು ಕೊಟ್ಟೀನಿ, ಇಷ್ಟು ಬಾಕಿ ಐತಿ" ಅಂತ ಅವ್ನ ಕೈಲೆ ಬರಸಿ ಸಹಿ ಹಾಕಸ್ರಿ, ಅಲ್ಲಿಂದ ಮತ್ತ ಮೂರು ವರ್ಷ ಹೊಸದಾಗಿ ಎಣಿಕಿ ಆಗ್ತೈತಿ.

ಇನ್ನೊಂದು, 55 ಸಾವಿರದಾಗ 29 ಕಂತು ಹೋದ್ರ 26 ಉಳೀತೈತಿ. ಅದ್ರಾಗ ನಾಕು ಮಂದಿ ಊಟ, ಮಕ್ಕಳ ಫೀ, ಅವ್ವನ ಔಷಧಿ. ತಿಂಗಳಿಗೆ 5 ಸಾವಿರಕ್ಕಿಂತ ಜಾಸ್ತಿ ನಿಮಗ ಕೊಡಾಕ ಆಗಂಗಿಲ್ಲ. 5 ಸಾವಿರದಂಗ ಐದು ವರ್ಷ ಅಂದ್ರ 3 ಲಕ್ಷ. ಐದು ವರ್ಷದಾಗ 9 ಕೊಡ್ತೀನಿ ಅಂದದ್ದು ಸುಳ್ಳು ಹೇಳಬೇಕು ಅಂತ ಅಲ್ಲ, ಲೆಕ್ಕ ಹಾಕಿಲ್ಲ.

ಷಡ್ಡಕನ ಸಂತ್ರಸ್ತ

ನನಗೂ ಒಂದು ಬರದು ಕೊಡ್ರಿ ಅಣ್ಣಾ. ಟವಲ್ ಮ್ಯಾಲೆ ಆದ್ರೂ ನಡೀತದ.

ಲೆಕ್ಕದಾಂವ

ಏಳು ವರ್ಷ ಆತಂತೀರಿ ಯಜಮಾನ್ರ, ಟವಲ್ಲ ಹೊದ್ಕೊಂಡು ಮಲ್ಕೋರಿ.

ಗಂಗಾವತಿ ಟೀಚರ್

ಹತ್ತು ದಿನ ಆತು, ಎಲ್ಲಾರೂ ಕೇಳಿದ್ರಿ, ಪಂಚಮಿ ಗದ್ದಲದಾಗ ಬರಿಯಾಕ ಆಗ್ಲಿಲ್ಲ.

ತಮ್ಮ ಪಂಚಮಿಗೆ ಕರಿಯಾಕ ಬಂದಿದ್ದ. ಲೆಕ್ಕದಾಂವರು ಹೇಳಿದ್ದನ್ನ ನನ್ನ ಶಾಲಿ ಮಕ್ಕಳ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಬರದಿಟ್ಟಿದ್ದೆ, ತೋರ್ಸಿದೆ. ಮೊದ್ಲ ಮುಖ ದಪ್ಪಗ ಮಾಡ್ದ, "ಅಕ್ಕ ನನ್ನ ಮ್ಯಾಲೆ ನಂಬಿಗಿ ಇಲ್ಲೇನು" ಅಂದ. ಆಮ್ಯಾಲೆ 38 ಸಾವಿರ, 3.6 ಲಕ್ಷ ಅನ್ನೋ ಲೈನ್ ಎರಡು ಸಲ ಓದಿದ. ಮೊಬೈಲ್ ತಗದು ತಾನೂ ಹಾಕಿ ನೋಡಿದ. ಬಳ್ಳಾರಿಗೆ ಹೋದ್ವಿ. ಬ್ಯಾಂಕಿನೋರು ಪೂರ್ತಿ ಬೆಲಿಗೆ ಪತ್ರ ಆದ್ರ 33.5 ತನಕ ಕೊಡ್ತೀವಿ ಅಂದ್ರಂತ. ಮಾರೋರು ಇನ್ನ ಗೊಣಗಾಕತ್ಯಾರ, ಟ್ಯಾಕ್ಸ್ ನಮಗ ಬೀಳ್ತೈತಿ ಅಂತ. ಒಪ್ಪದಿದ್ರ ಮನಿ ಬಿಡ್ತೀವಿ ಅಂತ ತಮ್ಮ ಹೇಳ್ಯಾನ, ನಾನು ಹೇಳ್ಸಿದ್ದಲ್ಲ.

ರಾತ್ರಿ ಎಳ್ಳುಂಡಿ ಕಟ್ಟುವಾಗ ತಮ್ಮನ ಹೆಂಡ್ತಿ ಮುಂದ ಮಾತು ತಗದೆ. ನಾನು ಹೆದರಿದ್ದು ಆಕಿಗೇ, ಏನನ್ಕೊಂತಾಳೋ ಅಂತ. ಆಕಿ ಬೆಲ್ಲದ ಕೈ ಸೆರಗಿಗೆ ಒರೆಸಿಕೊಂಡು, "ಅಕ್ಕಾರ, ಬರದ ಇಡ್ರಿ. ನಾಳೆ ನಾನು ಒಂದು ಸೀರಿ ತಗೊಂಡ್ರ ನಿಮ್ಮ ರೊಕ್ಕದಾಗ ತಗೊಂಡ್ಳು ಅಂತ ಯಾರೂ ಅನ್ನಬಾರ್ದು" ಅಂದ್ಳು. ಸಿಂಧನೂರಿನ ಅಣ್ಣಾರ, ನಿಮ್ಮ ಬಾಗಲದ ಹಿಡಿಕಿ ನೆನಪಾತು ನನಗ.

6 ಲಕ್ಷದ ಎಫ್‌ಡಿ ಮುರಿಸ್ತೀನಿ. 3 ಲಕ್ಷ ಗಿಫ್ಟು, ಅದಕ್ಕ ಮಾತ್ರ ಆ ಲೆಟರ್. 3 ಲಕ್ಷ ಸಾಲ, ಬಡ್ಡಿ ಇಲ್ಲ, ತಿಂಗಳಿಗೆ 5 ಸಾವಿರ, ಬ್ಯಾಂಕಿಗೂ ಹೇಳ್ಯಾನ. ಅವ್ವ ಎಲ್ಲಾ ಕೇಳ್ತಾ ಕುಂತಿದ್ಳು, ಕೊನಿಗೆ "ನಿಮ್ಮಪ್ಪ ಇದ್ದಿದ್ರ ಇಷ್ಟು ಬರಿಯಾಕ ಬಿಡ್ತಿದ್ದಿಲ್ಲ" ಅಂದ್ಳು. ಬೈದಳೋ ಹೊಗಳಿದ್ಳೋ ಗೊತ್ತಾಗ್ಲಿಲ್ಲ.

ಹಟ್ಟಿ ಕಾಲೊನಿ

ಇಸಿ ತಗಸಿದ್ರಾ?

ಗಂಗಾವತಿ ಟೀಚರ್

ಹೂಂ ರೀ, ತಗಸೀವಿ, ಎ ಖಾತಾನ ಐತಿ. ಹಳೇ ಸಾಲ ಒಂದಿತ್ತು, ತೀರೈತಿ ಅಂತ ಕಾಗದ ತೋರ್ಸ್ಯಾರ. ವಕೀಲ್ರಿಗೆ ಕೊಟ್ಟೀವಿ ನೋಡಾಕ.

ಯಲಬುರ್ಗಾ ಸೊಸಿ

5 ಲಕ್ಷದ್ದು ಮುಟ್ಟಿಲ್ಲ ಅಲ್ರೀ? 6 ಅಂತ ಹೆಂಗ ಗಟ್ಟಿ ಮಾಡಿದ್ರಿ, ಅವ್ರು ಇನ್ನ ಸ್ವಲ್ಪ ಹಾಕು ಅನ್ನಲಿಲ್ಲೇನು?

ಗಂಗಾವತಿ ಟೀಚರ್

ಅಂದ್ರು. ಬಣ್ಣ, ಮೋಟರ್ರು, ಮನಿ ಒಕ್ಕಲ ಖರ್ಚು ಅಂತ ಇನ್ನೊಂದು ಲಕ್ಷ ಮಾತು ಬಂತು. ನೀನು ಮೂರು ಸಲ ಕೇಳಿದ್ದಕ್ಕ ಹೇಳ್ತೀನವಾ, ಪಂಚಮಿ ಹಿಂದಿನ ದಿನ ಮಗಳಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ದೆ. ಹಾಸ್ಟೆಲ್ಲಿನಾಗ ಬಟ್ಟಿ ಒಗಿಯಾಕತ್ತಿದ್ಳಂತ, ನೀರಿನ ಸೌಂಡು ಕೇಳಿಸ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಳು, "ಅವ್ವಾ, ಯಾವ ಎಫ್‌ಡಿ ಯಾವುದಕ್ಕ ಅಂತ ಇಟ್ಟಿದ್ದಿ?" ಅಂತ. 6 ನಿನ್ನ ಮದ್ವಿಗೆ, 5 ಮುಂದ ಓದಿದ್ರ ಇರ್ಲಿ ಅಂತ, ಅಂದೆ.

"ಮದ್ವಿದು ಮಾವಗ ಕೊಡು. ಓದಿಂದು ಮುಟ್ಟಬ್ಯಾಡ" ಅಂದು ನಲ್ಲಿ ಮತ್ತ ಬಿಟ್ಕೊಂಡ್ಳು.